ಸೈಕಲ್ಲಿನ ಬಗ್ಗೆ ಎರಡು ನಿಮಿಷ

ವಿದೇಶಕ್ಕೆ ಹೊರಟ ನಮ್ಮ ಹುಡುಗ ಹುಡುಗಿಯರು ಎದುರಿಸುವ ಐಇಎಲ್‌ಟಿಎಸ್ ಇಂಗ್ಲಿಷ್ ಮಾತಿನ ಪರೀಕ್ಷೆಯಲ್ಲಿ ಸೈಕಲ್ಲಿನ ಪ್ರಶ್ನೆ ಅಪರೂಪವೇನಲ್ಲ. ಚಿಕ್ಕಂದಿನಲ್ಲಿ ಸೈಕಲ್ ಇತ್ತೇ, ಈಗಲೂ ಹೊಡೆಯುತ್ತೀರಾ, ನಿಮ್ಮೂರಿನಲ್ಲಿ ಸೈಕಲ್ ಹೊಡೆಯುವವರು ಹೆಚ್ಚೇ ಎಂದು ಕೇಳುತ್ತಾರೆ. ಕರ್ನಾಟಕದ ಯಾವ ಹಳ್ಳಿಯಿಂದ ಬಂದವರಿಗಾದರೂ ಉತ್ತರ ಗೊತ್ತು. ಆದರೂ ತರಬೇತಿ ಪಡೆದು ಬಂದವರ ಬಾಯಲ್ಲಿ ಒಂದೇ ಪಾಠ ಕೇಳಿಬರುತ್ತದೆ: ಸೈಕಲ್ ಪರಿಸರಸ್ನೇಹಿ, ಆರೋಗ್ಯಕ್ಕೆ ಒಳ್ಳೆಯದು, ಇಂಧನ ಉಳಿಸುತ್ತದೆ. ಮಾತು ಸುಳ್ಳಲ್ಲ, ಆದರೆ ಅದನ್ನು ಯಾರು ಬೇಕಾದರೂ ಹೇಳಬಹುದು. ತನ್ನ ಬದುಕನ್ನು ಬದಿಗಿಟ್ಟು ಈ ಸಿದ್ಧ ಉತ್ತರವನ್ನು ಒಪ್ಪಿಸುವುದು ನಷ್ಟದ ವ್ಯಾಪಾರ ಎಂದು ನಾನು ನಂಬಿದ್ದೇನೆ. ಅಂಕ ಹೋಗುತ್ತದೆ, ಜೊತೆಗೆ ಬಡವರ ಮಕ್ಕಳಿಗೆ ಅಪರೂಪಕ್ಕೆ ಸಿಕ್ಕ ಅನುಕೂಲವೂ ಹೋಗುತ್ತದೆ.

ಮೊದಲು ಅಂಕದ ಮಾತು. ಪರೀಕ್ಷೆ 11ರಿಂದ 14 ನಿಮಿಷದ್ದು, ಮೂರು ಭಾಗ. ಮೊದಲು ಪರಿಚಯದ ಪ್ರಶ್ನೆಗಳು. ನಂತರ ಒಂದು ಕಾರ್ಡ್ ಕೊಟ್ಟು, ಯೋಚಿಸಲು ಒಂದು ನಿಮಿಷ ಬಿಟ್ಟು, ಒಂದೆರಡು ನಿಮಿಷ ಒಬ್ಬರೇ ಮಾತಾಡಿ ಎನ್ನುತ್ತಾರೆ. ಕೊನೆಗೆ ಚರ್ಚೆ. ಅಳೆಯುವುದು ನಾಲ್ಕನ್ನು: ಮಾತಿನ ಓಟ ಮತ್ತು ಹೊಂದಿಕೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ನಾಲ್ಕಕ್ಕೂ ಸಮಪಾಲು. ಪರಿಸರದ ಬಗ್ಗೆ ಅಭ್ಯರ್ಥಿಗೆ ಎಷ್ಟು ಕಾಳಜಿ ಇದೆ, ಎಷ್ಟು ತಿಳಿದಿದೆ ಎಂಬುದಕ್ಕೆ ಅದರಲ್ಲಿ ಜಾಗವೇ ಇಲ್ಲ. ಬಾಯಿಪಾಠದ ಉತ್ತರವನ್ನು ಗುರುತಿಸುವ ತರಬೇತಿ ಮಾತ್ರ ಪರೀಕ್ಷಕರಿಗೆ ಇರುತ್ತದೆ.

ಅಂಕ ಕೊಡುವ ಮಾನದಂಡಗಳ ವಿವರಣೆಯಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡ ಅಂಶವೊಂದಿದೆ. ಮಾತಿನ ನಡುವೆ ತಡವರಿಸುವುದೆಲ್ಲ ತಪ್ಪಲ್ಲ. ಏನು ಹೇಳಲಿ ಎಂದು ಯೋಚಿಸಿ ತಡೆದರೆ ಅದು ಮೇಲಿನ ಬ್ಯಾಂಡ್‌ನವರ, ಅಂದರೆ ಮೇಲಿನ ಅಂಕದ ಹಂತದವರ ಲಕ್ಷಣ, ಪದಕ್ಕೋ ವ್ಯಾಕರಣಕ್ಕೋ ತಡಕಾಡಿದರೆ ಕೆಳಗಿನವರದು. ಉರುಹೊಡೆದವನು ನಿಲ್ಲುವುದು ಯಾವಾಗಲೂ ಎರಡನೆಯ ಕಾರಣಕ್ಕೇ, ಏಕೆಂದರೆ ಅವನು ಹುಡುಕುತ್ತಿರುವುದು ಪಾಠದ ಮುಂದಿನ ಸಾಲನ್ನು. ತನ್ನ ಸೈಕಲ್ಲನ್ನೇ ನೆನೆಯುತ್ತಿರುವವನು ಒಂದು ಗಳಿಗೆ ನಿಂತರೂ ಮನುಷ್ಯ ಯೋಚಿಸುತ್ತಿದ್ದಾನೆಂದು ಎದುರಿನವರಿಗೆ ತಿಳಿಯುತ್ತದೆ.

ನರ್ಸಿಂಗ್ ಮುಗಿಸಿ ಇಂಗ್ಲೆಂಡಿಗೆ ಹೋಗಲು ತಯಾರಿ ನಡೆಸಿದ್ದ ಹಾವೇರಿ ಕಡೆಯ ಹುಡುಗಿಯೊಬ್ಬಳ ಅಭ್ಯಾಸವನ್ನು ಕೇಳುತ್ತ ಕೂತಿದ್ದೆ. ಅಲ್ಲಿನ ನರ್ಸಿಂಗ್ ನೋಂದಣಿಗೆ ಮಾತಿನಲ್ಲಿ 7 ಬ್ಯಾಂಡ್ ಬೇಕು. ಮಾಲಿನ್ಯ, ಇಂಧನ ಎಂದು ನಾಲ್ಕು ವಾಕ್ಯ ಸರಾಗವಾಗಿ ಬಂದವು. ಐದನೆಯದರಲ್ಲಿ ಒಂದು ದೊಡ್ಡ ಪದ ಮರೆತುಹೋಯಿತು, ಅಲ್ಲಿಗೆ ಮಾತೇ ನಿಂತಿತು. "ಅದಿರಲಿ ಬಿಡವ್ವ, ನಿನ್ನ ಸೈಕಲ್ ಹೆಂಗಿತ್ತು ಹೇಳು" ಎಂದೆ. "ಎಂಟನೇತ್ತದಾಗ ಸಾಲ್ಯಾಗ ಕೊಟ್ಟಿದ್ರಲ್ರೀ, ಅದs. ಕಾಲುವಿ ದಂಡೀಗೆ ಕಡಿ ಹಾಕಿದ್ರು, ಅಲ್ಲಿ ಬಂದ್ರ ಚೈನ್ ಬೀಳ್ತಿತ್ತು. ಕಡ್ಡಿ ತಗೊಂಡು ಏರಿಸ್ತಿದ್ದೆ. ಕೈ ಕರ್ರಗಾಗಿ, ಎಲಿಗೆ ಒರಸ್ಕೊಂಡು ಸಾಲಿಗೆ ಹೋಗೂದು" ಎಂದಳು. ಇದನ್ನೇ ಇಂಗ್ಲಿಷಿನಲ್ಲಿ ಹೇಳು ಎಂದಾಗ ವ್ಯಾಕರಣ ಅಲ್ಲಲ್ಲಿ ಎಡವಿತು, ಮಾತು ಮಾತ್ರ ನಿಲ್ಲಲಿಲ್ಲ. ಚೈನ್ ಕೂರುವ ಹಲ್ಲಿನ ಚಕ್ರಕ್ಕೆ ಏನೆನ್ನುತ್ತಾರೋ ಗೊತ್ತಿಲ್ಲದೆ ಬಳಸಿ ವಿವರಿಸಿದಳು. ಹಾಗೆ ಬಳಸಿ ಹೇಳುವ ಸಾಮರ್ಥ್ಯಕ್ಕೂ ಪದಸಂಪತ್ತಿನ ಲೆಕ್ಕದಲ್ಲಿ ಬೆಲೆಯಿದೆ. ಆಗ ನಡೆದದ್ದು, ಆಗಾಗ ನಡೆಯುತ್ತಿದ್ದದ್ದು, ಹಾಗಾಗದಿದ್ದರೆ ಏನಾಗುತ್ತಿತ್ತು ಎಂಬುದೆಲ್ಲ ಬಂದದ್ದರಿಂದ ಕ್ರಿಯಾಪದದ ನಾನಾ ರೂಪಗಳೂ ತಾವಾಗಿಯೇ ಬಂದವು. ಸಿದ್ಧ ಉತ್ತರವಾದರೋ ವರ್ತಮಾನಕಾಲ ಬಿಟ್ಟು ಕದಲುವುದಿಲ್ಲ.

ನ್ಯಾಯದ ಮಾತು ಇದಕ್ಕಿಂತ ದೊಡ್ಡದು. ವಸ್ತುಸಂಗ್ರಹಾಲಯ, ವಿಮಾನಯಾನ, ನೆಚ್ಚಿನ ರೆಸ್ಟೊರೆಂಟ್ ಎಂದೆಲ್ಲ ಕೇಳಿದಾಗ ಪೇಟೆಯ, ಉಳ್ಳವರ ಮನೆಯ ಮಕ್ಕಳು ಒಂದು ಹೆಜ್ಜೆ ಮುಂದೆಯೇ ನಿಂತಿರುತ್ತಾರೆ. ಸೈಕಲ್ ಎಂದ ಕೂಡಲೇ ಲೆಕ್ಕ ಬದಲಾಗುತ್ತದೆ. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು. ಆ ಸೈಕಲ್ ತುಳಿದವರು, ಅದಕ್ಕೂ ಹಿಂದೆ ಗಂಟೆಗಿಷ್ಟೆಂದು ಬಾಡಿಗೆ ಸೈಕಲ್ ಹಿಡಿದು ಒಳಪೆಡಲು ಹೊಡೆದವರು, ಅಪ್ಪನ ಕ್ಯಾರಿಯರ್ ಮೇಲೆ ಮೇವಿನ ಹೊರೆಯ ಜೊತೆ ಕೂತು ಬಂದವರು, ಇವರಿಗೆ ಗೊತ್ತಿರುವಷ್ಟು ಸೈಕಲ್ ಉಳಿದವರಿಗೆ ಗೊತ್ತಿಲ್ಲ. ಆ ಬಂಡವಾಳವನ್ನು ಮನೆಯಲ್ಲೇ ಬಿಟ್ಟು ಬನ್ನಿ ಎಂದು ದುಡ್ಡು ತೆಗೆದುಕೊಂಡು ಕಲಿಸುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಉರುಹೊಡೆಯುವವರನ್ನು ಸೋಮಾರಿಗಳೆಂದು ಜರಿಯುವುದೂ ಸಲ್ಲದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಅಪರಿಚಿತರ ಮುಂದೆ ಇಂಗ್ಲಿಷ್ ಮಾತಾಡುವುದೆಂದರೆ ಎದೆ ಹೊಡೆದುಕೊಳ್ಳುತ್ತದೆ. ಶುಲ್ಕ ದುಬಾರಿ, ಸೋತರೆ ಮತ್ತೆ ಸಾಲ. ಕೈಯಲ್ಲಿ ಸಿದ್ಧ ಉತ್ತರವಿದ್ದರೆ ಧೈರ್ಯ ಬರುತ್ತದೆ ಎಂಬ ಅವರ ಮಾತನ್ನು ನಾನು ಒಪ್ಪುತ್ತೇನೆ. ಹಾಗಿದ್ದರೆ ಸಿದ್ಧಮಾಡಬೇಕಾದದ್ದು ಬೇರೆ: ಚೈನ್, ಬ್ರೇಕ್, ಪಂಕ್ಚರ್ ಹಾಕಿಸುವುದು ಇವುಗಳಿಗೆ ಬೇಕಾದ ಮಾತುಗಳು, ಹಿಂದಿನದನ್ನು ಹೇಳುವ ಕ್ರಿಯಾರೂಪಗಳು, ಯಾವುದರ ನಂತರ ಯಾವುದು ಎಂಬ ಕ್ರಮ. ಸಂಗೀತದವರು ಸರಳೆ ವರಸೆಗಳನ್ನು ವರ್ಷಗಟ್ಟಲೆ ಸಾಧನೆ ಮಾಡಿ ಆಮೇಲೆ ತಮ್ಮ ಆಲಾಪನೆಗೆ ಇಳಿಯುತ್ತಾರಲ್ಲ, ಹಾಗೆ.

ಅನುಭವದಿಂದ ಹೊರಟರೆ ಮೂರನೆಯ ಭಾಗದ ಚರ್ಚೆಯಲ್ಲಿ ಸಿಕ್ಕಿಬೀಳುತ್ತಾರೆ, ಅಲ್ಲಿ ದೊಡ್ಡ ಪ್ರಶ್ನೆಗಳು ಬರುತ್ತವೆ ಎಂದು ಆಕ್ಷೇಪಿಸುವವರಿದ್ದಾರೆ. ನಾನು ನೋಡಿದ್ದು ತಿರುಗುಮುರುಗು. ಸೈಕಲ್ ಸಮಾಜವನ್ನು ಬದಲಿಸಬಲ್ಲುದೇ ಎಂದು ಕೇಳಿದರೆ, ಸೈಕಲ್ ಬಂದ ಮೇಲೆ ಹೈಸ್ಕೂಲು ಬಿಡದೆ ಉಳಿದವಳಿಗೆ ಹೇಳಲು ಇರುತ್ತದೆ. ಬಿಹಾರ 2006ರಲ್ಲಿ ಹೈಸ್ಕೂಲಿನ ಹುಡುಗಿಯರಿಗೆ ಸೈಕಲ್ಲಿಗೆಂದು ಹಣ ಕೊಟ್ಟಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ನಡೆಸಿದ ಅಧ್ಯಯನದ ಪ್ರಕಾರ ಇದರಿಂದ ವಯಸ್ಸಿಗೆ ಸರಿಯಾಗಿ ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತು, ಅದೂ ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಹೆಚ್ಚು. ನಗರದಲ್ಲಿ ಸೈಕಲ್ ಉಳಿಯುತ್ತದೆಯೇ ಎಂದರೆ 2017ರಲ್ಲಿ ಮೈಸೂರಿನಲ್ಲಿ ಶುರುವಾದ 'ಟ್ರಿಣ್ ಟ್ರಿಣ್' ಬಾಡಿಗೆ ಸೈಕಲ್‌ಗಳ ಉದಾಹರಣೆಯಿದೆ. ಇಂಥ ಸಂಗತಿಗಳು ತನ್ನ ದಾರಿಯ ಜೊತೆ ಸೇರಿಕೊಂಡಾಗ ಅಭಿಪ್ರಾಯಕ್ಕೆ ಆಧಾರ ಸಿಗುತ್ತದೆ.

ಪರೀಕ್ಷೆಯ ಹಾಳೆಯ ಮೇಲೆ ಆ ಒಂದು ನಿಮಿಷದಲ್ಲಿ ಬರೆದುಕೊಳ್ಳಬೇಕಾದದ್ದು ಇಷ್ಟೇ: ಯಾರ ಸೈಕಲ್, ಯಾವ ದಾರಿ, ಒಂದು ದಿನ ಏನಾಯಿತು, ಈಗ ಅದೆಲ್ಲಿದೆ. ಎರಡು ನಿಮಿಷದೊಳಗೆ ಮುಗಿಯದಿದ್ದರೆ ಪರೀಕ್ಷಕರೇ ನಡುವೆ ತಡೆಯುತ್ತಾರೆ, ಹಾಗೆ ತಡೆದದ್ದಕ್ಕೆ ಅಂಕ ಕಡಿಯುವುದಿಲ್ಲ.