ಮಕ್ಕಳಿಂದ ಉಪದೇಶವಲ್ಲ, ವರದಿ ಬರೆಸೋಣ



ನಾಲ್ಕನೇ ತರಗತಿಯ ಮಗುವೊಂದು ‘ಆರೋಗ್ಯವೇ ಭಾಗ್ಯ’ ಎಂದು ಬರೆದ ಪ್ರಬಂಧವನ್ನು ನೀವೂ ಓದಿರುತ್ತೀರಿ. ಹಿಂದೂಪುರದಲ್ಲಾಗಲಿ, ಕಲ್ಯಾಣದುರ್ಗದಲ್ಲಾಗಲಿ ಸಾಲುಗಳು ಹೆಚ್ಚುಕಡಿಮೆ ಅವೇ. ಬೇಗ ಏಳಬೇಕು, ಹಲ್ಲುಜ್ಜಬೇಕು, ಹಣ್ಣು ತಿನ್ನಬೇಕು, ನೀರನ್ನು ಕುದಿಸಿ ಕುಡಿಯಬೇಕು. ಗೈಡ್ ನೋಡಿ ಬರೆದರೆ ಅಂಕ ಸಿಗುತ್ತದೆ. ಆದರೆ ತನ್ನ ಮನೆಯ ಬಿಂದಿಗೆಗೆ ನೀರು ಎಲ್ಲಿಂದ ಬರುತ್ತದೆ ಎಂಬುದು ಆ ಮಗುವಿಗೆ ಗೊತ್ತೇ?

ನಮ್ಮ ಸೀಮೆಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಅನಂತಪುರ ಕಡೆಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. 1990ರ ದಶಕದಲ್ಲಿ ಪುಟ್ಟಪರ್ತಿಯ ಸತ್ಯಸಾಯಿ ಟ್ರಸ್ಟ್ ಈ ಜಿಲ್ಲೆಯ ನೂರಾರು ಹಳ್ಳಿಗಳಿಗೆ ಕುಡಿಯುವ ನೀರು ಕೊಡಲು ಮುಂದಾದದ್ದಕ್ಕೆ ಅದೂ ಒಂದು ಕಾರಣ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲೇ ಅದು ಹಲ್ಲಿಗೆ ಹಾನಿ ಮಾಡುತ್ತದೆ. ಆ ಕಂದು ಕಲೆ ಎಷ್ಟು ಉಜ್ಜಿದರೂ ಹೋಗದು. ಅಂದರೆ ಗೈಡಿನ ಉತ್ತರ ತಪ್ಪಲ್ಲ, ಆದರೆ ನಮ್ಮ ಊರಿಗೆ ಅದು ಸಾಲದು.

ಆದ್ದರಿಂದ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಮಾಹಿತಿ ವರದಿ ಬರೆಯುವುದನ್ನು ಕಲಿಸಬೇಕು ಎನ್ನುತ್ತೇವೆ. ಪ್ರಬಂಧದಲ್ಲಿ ‘ಬೇಕು, ಬಾರದು’ ಹೆಚ್ಚು. ವರದಿಯಲ್ಲಿ ‘ಇದೆ, ಇಲ್ಲ, ಇಷ್ಟು’ ಇರುತ್ತದೆ. ನಾವು ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ಕಲಿತದ್ದೂ ಅದನ್ನೇ: ಕಂಡದ್ದನ್ನು ಬರೆ, ಕಾಣಬೇಕಾಗಿತ್ತು ಎನಿಸಿದ್ದನ್ನಲ್ಲ. ಸಂತ ಲೂಕರೂ ಎಲ್ಲವನ್ನೂ ವಿಚಾರಿಸಿ ಕ್ರಮವಾಗಿ ಬರೆಯುತ್ತಿರುವುದಾಗಿ ತಮ್ಮ ಶುಭಸಂದೇಶದ ಆರಂಭದಲ್ಲೇ ಹೇಳುತ್ತಾರೆ.

ಕಲಿಸುವ ದಾರಿ ಸುಲಭ. ವಿಷಯ ಚಿಕ್ಕದಿರಲಿ: ‘ನಮ್ಮ ಬೀದಿಯ ಕುಡಿಯುವ ನೀರು’, ‘ಒಂದು ವಾರ ನಮ್ಮ ಮನೆಯ ಊಟ’. ಮೊದಲು ಮಗು ಐದು ಪ್ರಶ್ನೆ ಬರೆದುಕೊಳ್ಳಲಿ. ನಂತರ ಅಜ್ಜಿಯನ್ನು, ಪಕ್ಕದ ಮನೆಯವರನ್ನು, ಆಶಾ ಅಕ್ಕನನ್ನು ಕೇಳಲಿ. ಹತ್ತು ಮನೆಗಳಲ್ಲಿ ಎಷ್ಟು ಮನೆಗೆ ನಲ್ಲಿ ನೀರು, ಎಷ್ಟು ಮನೆಗೆ ಬೋರ್ ನೀರು, ಎಷ್ಟು ಮನೆಗೆ ಕ್ಯಾನ್ ನೀರು ಎಂದು ಎಣಿಸಲಿ. ಊಟದ ವರದಿಯಾದರೆ ರಾಗಿ ಮುದ್ದೆ, ಸೊಪ್ಪು, ಮೊಟ್ಟೆ, ಕುರ್‌ಕುರೆ ಎಷ್ಟು ಸಲ ಎಂದು ಗುರುತು ಹಾಕಲಿ. ಕೊನೆಗೆ ಶೀರ್ಷಿಕೆ, ಪರಿಚಯದ ಎರಡು ಸಾಲು, ಕಂಡ ವಿಷಯ, ಯಾರಿಂದ ತಿಳಿಯಿತು, ಮುಕ್ತಾಯ. ಹನ್ನೆರಡು ಸಾಲು ಸಾಕು.

ಒಂದು ಎಚ್ಚರಿಕೆ ಬೇಕು. ಯಾರ ಹಲ್ಲು ಕಂದು, ಯಾರ ಮನೆಯಲ್ಲಿ ಊಟ ಕಡಿಮೆ ಎಂದು ಹೆಸರು ಹಾಕಿ ಬರೆಸಬಾರದು. ವರದಿ ನೀರಿನ ಮೇಲೆ ಇರಲಿ, ಗೆಳೆಯನ ಬಾಯಿಯ ಮೇಲೆ ಬೇಡ.

ಇಷ್ಟು ಚಿಕ್ಕವರಿಗೆ ಇದೆಲ್ಲಾ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಅಂಗಡಿಯಿಂದ ಸಾಮಾನು ತಂದು ಚಿಲ್ಲರೆ ಲೆಕ್ಕ ಒಪ್ಪಿಸುವ ಮಗುವಿಗೆ ಹತ್ತು ಮನೆ ಎಣಿಸುವುದು ಕಷ್ಟವಲ್ಲ. ಕಷ್ಟ ಇರುವುದು ಭಾಷೆಯಲ್ಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪುಸ್ತಕದಲ್ಲಿ ಇಂಗ್ಲಿಷ್. ಅದಕ್ಕೇ ಗೈಡ್ ಬೇಕಾಗುತ್ತದೆ. ಮೊದಲ ಪ್ರತಿಯನ್ನು ಮಗು ತನಗೆ ಬರುವ ಮಾತಿನಲ್ಲಿ ಬರೆಯಲಿ. ಶಾಲೆಯ ಭಾಷೆಗೆ ಆಮೇಲೆ ತಿರುಗಿಸಬಹುದು.

ಶಾಲೆ ಶುರುಮಾಡಲಿ ಎಂದು ಕಾಯುವುದು ಬೇಡ. ಭಾನುವಾರದ ಬಲಿಪೂಜೆಯ ನಂತರ ನಮ್ಮಲ್ಲಿ ಇಬ್ಬರು ಮಕ್ಕಳ ಜೊತೆ ಒಂದು ಗಂಟೆ ಕುಳಿತರೆ ಸಾಕು. ವರದಿಗಳನ್ನು ತಂದೆತಾಯಿಯರ ಮುಂದೆ ಮಕ್ಕಳೇ ಓದಲಿ. ಬೋರ್ ನೀರೇ ಕುಡಿಯುವ ಬೀದಿ ಕಂಡುಬಂದರೆ, ಅಲ್ಲಿಯ ನೀರನ್ನು ಗ್ರಾಮೀಣ ನೀರು ಸರಬರಾಜು ಇಲಾಖೆಯ ಪ್ರಯೋಗಾಲಯದಲ್ಲಿ ಪರೀಕ್ಷಿಸುವಂತೆ ಗ್ರಾಮ ಸಚಿವಾಲಯದಲ್ಲಿ ಅರ್ಜಿ ಕೊಡೋಣ. ಅರ್ಜಿಯ ಜೊತೆ ಮಗುವಿನ ವರದಿಯನ್ನೂ ಲಗತ್ತಿಸೋಣ.