ತುಳುವಿಗೆ ಬೇಕಾದದ್ದು ಮೇಷ್ಟ್ರು, ಲಿಪಿಯ ಹಟವಲ್ಲ

ತುಳುವನ್ನು ಕನ್ನಡ ಅಕ್ಷರದಲ್ಲಿ ಬರೆಯುವುದೇ ತುಳುವಿಗೆ ಬಗೆಯುವ ದ್ರೋಹ ಎಂಬ ಮಾತು ಕೆಲವು ವರ್ಷಗಳಿಂದ ಜೋರಾಗಿದೆ. ಊರ ಸ್ವಾಗತ ಕಮಾನು, ಅಂಗಡಿಯ ಬೋರ್ಡುಗಳಲ್ಲಿ ತುಳು ಲಿಪಿ ಕಾಣಿಸಿಕೊಳ್ಳುತ್ತಿರುವುದು ಸಂತೋಷವೇ. 2024ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಲಿಪಿ ಯೂನಿಕೋಡಿಗೆ ಸೇರಿದಾಗ ಇಲ್ಲಿ ಚೆನ್ನೈ ಬಳಿಯ ತಾಂಬರಂನಲ್ಲಿರುವ ನನಗೂ ಹೆಮ್ಮೆಯಾಯಿತು. ಆದರೆ ಸ್ವಂತ ಲಿಪಿಗೆ ಮರಳದೆ ಸಂವಿಧಾನದ ಎಂಟನೇ ಪರಿಚ್ಛೇದ ದಕ್ಕುವುದಿಲ್ಲ, ಆದ್ದರಿಂದ ಕನ್ನಡ ಲಿಪಿಯನ್ನು ಕೈಬಿಡಲೇಬೇಕು ಎನ್ನುವವರ ಮಾತನ್ನು ನಾನು ಒಪ್ಪಲಾರೆ.

ಮೊದಲು ಸಂವಿಧಾನದ ಮಾತು. ಎಂಟನೇ ಪರಿಚ್ಛೇದದಲ್ಲಿ 22 ಭಾಷೆಗಳ ಹೆಸರಿದೆ, ಲಿಪಿಯ ಷರತ್ತು ಎಲ್ಲೂ ಇಲ್ಲ. 2003ರ 92ನೇ ತಿದ್ದುಪಡಿಯಲ್ಲಿ ಸೇರಿದ ಮೈಥಿಲಿಗೆ ತಿರ್ಹುತಾ ಎಂಬ ಹಳೆಯ ಲಿಪಿಯಿತ್ತು, ಡೋಗ್ರಿಗೆ ಟಾಕ್ರಿ ಇತ್ತು. ಎರಡೂ ಇಂದು ನಾಗರಿಯಲ್ಲೇ ಅಚ್ಚಾಗುತ್ತವೆ. ಅದೇ ವರ್ಷ ಸೇರಿದ ಬೋಡೋ ಭಾಷೆಯೂ ನಾಗರಿಯಲ್ಲಿದೆ. ಸಿಂಧಿಗೆ ಎರಡು ಲಿಪಿ. ಇವರ್‍ಯಾರನ್ನೂ ತಡೆಯದ ಬಾಗಿಲು ತುಳುವಿಗೆ ಮಾತ್ರ ಲಿಪಿಯ ಕಾರಣಕ್ಕೆ ಮುಚ್ಚಿದೆ ಎಂದು ನಂಬಿಸುವುದು ಸರಿಯಲ್ಲ. ಆ ಬಾಗಿಲಿನ ಕೀಲಿ ದೆಹಲಿಯ ರಾಜಕೀಯ ಇಚ್ಛೆಯ ಕೈಯಲ್ಲಿದೆ. ನಾವು ನಮ್ಮನಮ್ಮಲ್ಲೇ ಲಿಪಿಗಾಗಿ ಕಾದಾಡುತ್ತಿದ್ದರೆ ದೆಹಲಿಗೆ ಸುಮ್ಮನಿರಲು ಇನ್ನೊಂದು ನೆಪ ಸಿಕ್ಕಿತು, ಅಷ್ಟೇ.

'ಲಿಪಿಯಿಲ್ಲದ ಭಾಷೆ' ಎಂದು ತುಳುವನ್ನು ಹೀಯಾಳಿಸಿದವರು ಉಂಟು. ಆ ನೋವು ನನಗೂ ಗೊತ್ತು. ಅರುಣಾಬ್ಜನ ಮಹಾಭಾರತೊ, ವಿಷ್ಣುತುಂಗನ ಭಾಗವತೊ ಇರುವ ತಾಳೆಗರಿಗಳನ್ನು ಹುಡುಕಿ, ಓದಿ, ಸಂಪಾದಿಸಿದ ವೆಂಕಟರಾಜ ಪುಣಿಂಚತ್ತಾಯರು ಆ ಹೀಯಾಳಿಕೆಗೆ ಯಾವತ್ತೋ ಉತ್ತರ ಕೊಟ್ಟಾಗಿದೆ. ಅವರ ಶ್ರಮ ಸಾವಿರಾರು ಓದುಗರನ್ನು ತಲುಪಿದ್ದು ಕನ್ನಡ ಅಕ್ಷರದ ಅಚ್ಚಿನಿಂದ ಎಂಬುದನ್ನೂ ಮರೆಯಬಾರದು.

ಕನ್ನಡ ಲಿಪಿಯ ತುಳು ಏನು ಸಣ್ಣ ಆಸ್ತಿಯೇ? ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ 1842ರಲ್ಲಿ ತುಳು ಸುವಾರ್ತೆ ಹೊರಬಂತು. 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟು ಬಂತು. 1928ರಲ್ಲಿ ಉಡುಪಿಯಲ್ಲಿ ತುಳು ಚಳವಳಿ ಕಟ್ಟಿದ ಎಸ್.ಯು. ಪಣಿಯಾಡಿಯವರು ಪುಸ್ತಕ ಪ್ರಕಟಿಸಿದ್ದು ಕನ್ನಡ ಅಕ್ಷರದಲ್ಲೇ. ಅವರ ತುಳು ಅಭಿಮಾನವನ್ನು ಪ್ರಶ್ನಿಸುವವರು ಯಾರು? ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು.ಪಿ. ಉಪಾಧ್ಯಾಯರ ತಂಡ ತಂದ ಆರು ಸಂಪುಟಗಳ ತುಳು ನಿಘಂಟಿನಲ್ಲೂ ಪದಗಳು ಇರುವುದು ಕನ್ನಡ ಅಕ್ಷರದಲ್ಲಿ. ಇದರ ಮೇಲೆ ಗೀಟು ಎಳೆದರೆ ಮುಂದಿನ ತಲೆಮಾರಿಗೆ ಸುಮಾರು ಎರಡು ಶತಮಾನದ ತುಳು ಓದು ತಪ್ಪಿಹೋಗುತ್ತದೆ.

ಹಾಗೆ ನೋಡಿದರೆ ತಾಂಬರಂ, ಕ್ರೋಂಪೇಟೆ, ಸೇಲೈಯೂರಿನ ತುಳು ಮನೆಗಳ ಪಾಡೇ ಬೇರೆ. ಹೋಟೆಲು, ಬ್ಯಾಂಕು, ವಾಯುಪಡೆ ಎಂದು ಬಂದವರ ಮಕ್ಕಳಿಗೆ ಮನೆಯಲ್ಲಿ ತುಳು ಇದೆ, ಶಾಲೆಯಲ್ಲಿ ತಮಿಳು ಮತ್ತು ಇಂಗ್ಲಿಷ್. 2006ರ ತಮಿಳು ಕಲಿಕೆ ಕಾಯ್ದೆಯ ಮೇಲೆ ಇಲ್ಲಿ ಕನ್ನಡದ ತರಗತಿಗೂ ಜಾಗ ಕಿರಿದಾಯಿತು. ಈ ಮಕ್ಕಳು ಅಜ್ಜಿಗೆ ವಾಟ್ಸಾಪಿನಲ್ಲಿ 'ಎಂಚ ಉಲ್ಲರ್' ಎಂದು ಕೇಳುವುದು ರೋಮನ್ ಅಕ್ಷರದಲ್ಲಿ, ಕೆಲವೊಮ್ಮೆ ತಮಿಳಿನಲ್ಲಿ. ಅಂಥ ಮಗುವಿಗೆ ನಿನ್ನ ತುಳು ಶುದ್ಧವಲ್ಲ, ಮೊದಲು ಮೂರನೆಯದೋ ನಾಲ್ಕನೆಯದೋ ಲಿಪಿ ಕಲಿತು ಬಾ ಎಂದು ಹೇಳಿದರೆ ಅದು ತುಳುವನ್ನೇ ಬಿಟ್ಟು ನಡೆಯುತ್ತದೆ. ಅಜ್ಜಿಗೆ ಕಳಿಸುವ ಸಂದೇಶ ಇಂಗ್ಲಿಷಾಗುತ್ತದೆ.

ಈ ರಾಜ್ಯದಲ್ಲೇ ನಮಗೊಂದು ಪಾಠವಿದೆ. ಮದುರೆಯ ಸೌರಾಷ್ಟ್ರರಿಗೆ ಸ್ವಂತ ಲಿಪಿಯುಂಟು. ಟಿ.ಎಂ. ರಾಮ ರಾಯ್ ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೇ ಅದನ್ನು ತಿದ್ದಿ ಅಚ್ಚಿಗೆ ಹೊಂದಿಸಿದರು. 2008ರಲ್ಲೇ ಅದು ಯೂನಿಕೋಡಿಗೆ ಸೇರಿತು, ನಮಗಿಂತ 16 ವರ್ಷ ಮೊದಲು. ಸ್ವಂತ ಲಿಪಿಯೋ, ನಾಗರಿಯೋ, ತಮಿಳೋ ಎಂಬ ಜಗಳ ಆ ಸಮುದಾಯದಲ್ಲಿ ತಲೆಮಾರುಗಳ ಕಾಲ ಎಳೆದಾಡಿತು. ಹೆಚ್ಚಿನ ಮಕ್ಕಳು ಓದುಬರಹವನ್ನು ತಮಿಳಿನಲ್ಲೇ ಕಲಿತು ಮುಂದೆ ಹೋದರು.

ಲಿಪಿ ಎಷ್ಟಿದ್ದರೂ ಸಾಲದು ಎನ್ನಲು ಬೆಲರೂಸ್ ದೇಶವನ್ನು ನೋಡಬೇಕು. ಬೆಲರೂಸಿ ಭಾಷೆಗೆ ಸಿರಿಲಿಕ್ ಇದೆ, ಲ್ಯಾಟಿನ್ ಇದೆ. ಅಲ್ಲಿ ನೆಲೆಸಿದ ತಾತಾರರು ಅದನ್ನು ಅರಬಿ ಅಕ್ಷರದಲ್ಲೂ ಬರೆದರು. 1906ರಲ್ಲಿ ಶುರುವಾದ 'ನಾಶಾ ನಿವಾ' ಪತ್ರಿಕೆ 1912ರವರೆಗೂ ಎರಡು ಲಿಪಿಯಲ್ಲಿ ಅಚ್ಚಾಗುತ್ತಿತ್ತು. ಕ್ಯಾಥೊಲಿಕ್ ಓದುಗರಿಗೂ ಆರ್ಥಡಾಕ್ಸ್ ಓದುಗರಿಗೂ ಒಂದೇ ಸುದ್ದಿ, ಒಂದೇ ಭಾಷೆ. ಆ ಸಂಪಾದಕರ ಔದಾರ್ಯವೇ ಆ ಭಾಷೆಯ ಹೊಸ ಸಾಹಿತ್ಯಕ್ಕೆ ಓದುಗರನ್ನು ಗಳಿಸಿಕೊಟ್ಟಿತು ಎಂದು ನಾನು ಬಲವಾಗಿ ನಂಬಿದ್ದೇನೆ. ಆ ಭಾಷೆಗೆ ಏಟು ಬಿದ್ದದ್ದು ಲಿಪಿಯಿಂದಲ್ಲ. 1995ರ ಜನಮತದಲ್ಲಿ ರಷ್ಯನ್ ಭಾಷೆಗೆ ಸಮಾನ ಸ್ಥಾನ ಸಿಕ್ಕಿ, ಶಾಲೆಗಳು ಒಂದೊಂದಾಗಿ ರಷ್ಯನ್ನಿಗೆ ಹೊರಳಿದಾಗ.

ಹಟ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಮಣಿಪುರದ ಇಂಫಾಲ ಸಾಕ್ಷಿ. 2005ರ ಏಪ್ರಿಲ್‌ನಲ್ಲಿ ಮೈತೇಯಿ ಮಯೆಕ್ ಲಿಪಿ ತರಬೇಕೆಂಬ ಹೋರಾಟದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯಕ್ಕೇ ಬೆಂಕಿ ಬಿತ್ತು. ತುಳುನಾಡಿನಲ್ಲಿ ಅಂಥದ್ದು ಆಗಬಾರದು, ಆಗುವುದೂ ಇಲ್ಲ. ಆದರೆ ಕನ್ನಡ ಲಿಪಿಯಲ್ಲಿ ತುಳು ಬರೆಯುವ ಕವಿಯನ್ನು ಜಾಲತಾಣದಲ್ಲಿ ಹಂಗಿಸುವ ಚಾಳಿ ಈಗಲೇ ನಿಲ್ಲಬೇಕು.

ಹೋರಾಟದ ಬಲವೆಲ್ಲ ಬೀಳಬೇಕಾದ ಜಾಗ ಬೇರೆ. ತುಳುವನ್ನು ಕರ್ನಾಟಕದ ಎರಡನೇ ಅಧಿಕೃತ ಭಾಷೆಯಾಗಿಸುವ ಬಗ್ಗೆ 2023ರಲ್ಲಿ ಮೋಹನ ಆಳ್ವರ ನೇತೃತ್ವದಲ್ಲಿ ಸಮಿತಿ ಆಯಿತು. ಆ ಕೆಲಸ ಕೊನೆ ಮುಟ್ಟಲಿ ಎಂದು ವಿಧಾನಸೌಧದ ಮುಂದೆ ಕೂತು ಕೇಳಬೇಕು. 2010ರಿಂದ ತೃತೀಯ ಭಾಷೆಯಾಗಿರುವ ತುಳುವಿಗೆ ಶಾಲೆಗಳಲ್ಲಿ ಕಾಯಂ ಮೇಷ್ಟ್ರುಗಳ ಹುದ್ದೆ ಕೇಳಬೇಕು. ಹೊರನಾಡಿನ ಮಕ್ಕಳಿಗಾಗಿ ತುಳು ಸಾಹಿತ್ಯ ಅಕಾಡೆಮಿ ಒಂದೇ ಬಾಲಪಾಠವನ್ನು ಕನ್ನಡ, ತಮಿಳು, ರೋಮನ್ ಅಕ್ಷರಗಳಲ್ಲಿ ಅಚ್ಚು ಹಾಕಿಸಲಿ. ಕೊನೆಯ ಪುಟಗಳಲ್ಲಿ ತುಳು ಲಿಪಿಯ ಪರಿಚಯವಿರಲಿ, ಇಷ್ಟಪಟ್ಟ ಮಗು ಕಲಿಯಲಿ. ಲಿಪಿಯ ಮೇಲೆ ನಿಜವಾದ ಪ್ರೀತಿಯಿರುವ ಯುವಕರಿಗೆ ಮಠ, ಮನೆಗಳ ಅಟ್ಟದಲ್ಲಿ ಹುಳ ಹಿಡಿಯುತ್ತಿರುವ ತಿಗಳಾರಿ ಓಲೆಗಳಿವೆ. ಅವನ್ನು ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ಬಳಿ ಈ ಮಳೆಗಾಲದೊಳಗೇ ಹೋಗಿ ಕೂರಿ.