ಪಟಕ್ಕೆ ಹಾರ, ಮಗುವಿಗೆ ಗೈರುಹಾಜರಿ

ಸೆಪ್ಟೆಂಬರ್ 5 ಬಂತೆಂದರೆ ನಮ್ಮ ಕೊಡಗಿನ ಶಾಲೆಗಳಲ್ಲಿ ಮಹನೀಯರ ಪಟಗಳ ಧೂಳು ಒರೆಸುತ್ತಾರೆ. ಫುಲೆಯವರಿಗೊಂದು ಹಾರ, ಗಾಂಧೀಜಿಗೊಂದು ಹಾರ. ಭಾರತೀಯ ಶಿಕ್ಷಣ ಚಿಂತನೆಯ ಹಿರಿಮೆಯ ಮೇಲೆ ಒಂದು ಗಂಟೆ ಭಾಷಣ. ಆಮೇಲೆ ಕಾಫಿ, ತಿಂಡಿ. ಆ ಕಾಫಿ ಹಣ್ಣು ಕೊಯ್ದ ಹೆಂಗಸಿನ ಮಗಳು ಹೋದ ಕೊಯ್ಲಿನಲ್ಲಿ ಎಷ್ಟು ದಿನ ಶಾಲೆಗೆ ಬಂದಳೆಂದು ಕೇಳುವವರಿಲ್ಲ.

ಈ ಮಹನೀಯರು ಹೇಳಿದ್ದಾದರೂ ಏನು? 1882ರಲ್ಲಿ ಹಂಟರ್ ಆಯೋಗದ ಮುಂದೆ ಜೋತಿಬಾ ಫುಲೆಯವರು ಲೆಕ್ಕ ಕೇಳಿದರು. ಬೊಕ್ಕಸ ತುಂಬುವುದು ರೈತನ ಬೆವರಿನಿಂದ, ಅದು ಖರ್ಚಾಗುವುದು ಮೇಲಿನವರ ಉಚ್ಚ ಶಿಕ್ಷಣಕ್ಕೆ. ಇದು ಯಾವ ನ್ಯಾಯ? 12 ವಯಸ್ಸಿನವರೆಗಾದರೂ ಶಿಕ್ಷಣ ಕಡ್ಡಾಯವಾಗಲಿ ಎಂದರು. ನೇಗಿಲ ಮೇಳಿ ಹಿಡಿಯಲು ನಾಚದವನೇ ಹಳ್ಳಿಯ ಮೇಷ್ಟ್ರಾಗಲಿ ಎಂದೂ ಹೇಳಿದರು. ಈ ಮಾತು ಭಾಷಣಗಳಲ್ಲಿ ಕೇಳಿಬರುವುದಿಲ್ಲ. ವ್ಯಾಪಾರಿ ಬಂಧುಗಳೇ, 2004ರಿಂದ ಆದಾಯ ತೆರಿಗೆಯ ಮೇಲೆ ಶಿಕ್ಷಣದ ಸೆಸ್ಸು ಬಿದ್ದಿದೆ. ಫುಲೆಯವರ ಪ್ರಶ್ನೆ ನಿಮ್ಮದೂ ಹೌದು.

ಘಟ್ಟದ ಕೆಳಗೆ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲೇ ದಲಿತ ಮಕ್ಕಳಿಗೆ ಶಾಲೆ ತೆರೆದರು, ಸ್ವಜಾತಿಯ ಬಹಿಷ್ಕಾರ ಉಂಡರು. ಅವರನ್ನು ತತ್ತ್ವಜ್ಞಾನಿಗಳ ಸಾಲಿನಲ್ಲಿ ಯಾರೂ ಕೂರಿಸುವುದಿಲ್ಲ.

ಗಾಂಧೀಜಿ 1934ರಲ್ಲಿ ಕೊಡಗಿಗೆ ಬಂದು ಹೋದರು. ಮೂರು ವರ್ಷದ ಮೇಲೆ, 1937ರ ಅಕ್ಟೋಬರಿನಲ್ಲಿ, ವಾರ್ಧಾದಲ್ಲಿ ತಮ್ಮ ಮೂಲ ಶಿಕ್ಷಣದ ಯೋಜನೆ ಮುಂದಿಟ್ಟರು: ಏಳು ವರ್ಷ ಉಚಿತ, ಕಡ್ಡಾಯ, ತಾಯ್ನುಡಿಯಲ್ಲಿ, ಒಂದು ಕೈಕಸುಬಿನ ಸುತ್ತ. ಮಕ್ಕಳು ಮಾಡಿದ್ದನ್ನು ಮಾರಿ ಶಾಲೆಯ ಖರ್ಚು ತೂಗಿಸಬೇಕೆಂಬುದನ್ನು ನಾವು ಒಪ್ಪುವುದಿಲ್ಲ. ಅದು ಸರಕಾರದ ಹೊಣೆ. ಆದರೆ ದುಡಿಯುವ ಕೈಯಲ್ಲಿ ವಿದ್ಯೆ ಇದೆ ಎಂಬುದು ಅಪ್ಪಟ ಸತ್ಯ. ಲೈನ್‌ಮನೆಯ ಹುಡುಗನಿಗೆ ಯಾವ ಮರಕ್ಕೆ ಮೆಣಸಿನ ಬಳ್ಳಿ ಹಬ್ಬುತ್ತದೆಂದು ಗೊತ್ತು. ಪರೀಕ್ಷೆಯಲ್ಲಿ ಅದಕ್ಕೆ ಅಂಕವಿಲ್ಲ. ಇನ್ನು ತಾಯ್ನುಡಿ! ಯರವರ ಮಗುವಿಗೂ ಜೇನುಕುರುಬರ ಮಗುವಿಗೂ ಮನೆಮಾತು ಬೇರೆ. ಒಂದನೇ ತರಗತಿಯಲ್ಲಿ ನಮ್ಮ ಕನ್ನಡವೇ ಅವರಿಗೆ ಪರಭಾಷೆ. ಕನ್ನಡದ ಪತ್ರಿಕೆಯಲ್ಲಿ ಇದನ್ನು ಬರೆಯಲು ನಮಗೆ ಸಂಕೋಚವಿಲ್ಲ.

ಕೆಲವು ವರ್ಷ ನಾವೂ ಬಳಪ ಹಿಡಿದವರು. ಡಿಸೆಂಬರಿನಿಂದ ಮಾರ್ಚಿಯವರೆಗೆ ಕೆಲವು ಹೆಸರುಗಳ ಮುಂದೆ ದಿನಾ 'ಗೈರು' ಎಂದು ಬರೆದು, ಮನೆಗೆ ಹೋಗಿ ನೆಮ್ಮದಿಯಾಗಿ ನಿದ್ರಿಸಿದ್ದೇವೆ. ತಂದೆತಾಯಿಗೆ ಆಸಕ್ತಿಯಿಲ್ಲ ಎಂದುಕೊಂಡೆವು. ಒಮ್ಮೆ ಲೈನಿಗೆ ಹೋಗಿ ನೋಡಿದರೆ ಹತ್ತು ವರ್ಷದ ಹುಡುಗಿ ಸೊಂಟದಲ್ಲಿ ತಮ್ಮನನ್ನು ಎತ್ತಿಕೊಂಡು ಒಲೆ ಊದುತ್ತಿದ್ದಳು. ತಾಯಿ ಕೊಯ್ಲಿಗೆ ಹೋಗಿದ್ದಳು. ಮಗುವನ್ನು ಬಿಡಲು ಎಡೆ ಇರಲಿಲ್ಲ. ಇದಕ್ಕೆ ತತ್ತ್ವಶಾಸ್ತ್ರ ಬೇಕೆ?

1951ರ ತೋಟ ಕಾರ್ಮಿಕರ ಕಾಯಿದೆ 50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುವಿಹಾರ ಇರಬೇಕೆಂದಿತು. ಕೊಡಗಿನ ತೋಟಗಳಲ್ಲಿ ಬಹುಪಾಲು ಚಿಕ್ಕವು. ಅಲ್ಲಿ ಆ ಲೆಕ್ಕ ತುಂಬುವುದೇ ಇಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆ 6ರಿಂದ 14ರವರೆಗಿನ ಮಗುವಿಗೆ ಶಾಲೆಯ ಹಕ್ಕು ಕೊಟ್ಟಿತು. ಆ ಮಗುವಿನ ಸೊಂಟದ ಮೇಲಿನ ಕೂಸನ್ನು ಮರೆಯಿತು.

ಗಿರಣಿಯಲ್ಲೂ ಕ್ಯೂರಿಂಗ್ ವರ್ಕ್ಸಿನಲ್ಲೂ ದುಡಿಯುವ ಸಂಗಾತಿಗಳಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಮುಂದಿನ ಕೊಯ್ಲಿಗೆ ಮೊದಲು, ಬೆಳಿಗ್ಗೆ ಕೆಲಸದ ಹೊತ್ತಿಗೆ ತೆರೆದು ತಾಯಿ ಮರಳುವವರೆಗೆ ಬಾಗಿಲು ಹಾಕದ ಒಂದು ಕೂಸಿನ ಮನೆ ಪ್ರತಿ ಲೈನ್‌ಸಾಲಿಗೂ ಬೇಕು. ಖರ್ಚಿನಲ್ಲಿ ತೋಟದ ಧಣಿಗಳೂ ಪಾಲು ಕೊಡಲಿ. ಪಂಚಾಯತಿ ಸದಸ್ಯರು ಓಟು ಕೇಳಲು ಬಂದಾಗ ಕಾಫಿ ಕೊಡಿ, ಜೊತೆಗೆ ಈ ಪ್ರಶ್ನೆಯನ್ನೂ ಕೇಳಿ.